ಎಲ್ಲರಿಗೂ ಎಟುಕುವ ಕಾಲೇಜು

ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ ಬರುವ ಲಕ್ಷ್ಮಣತೀರ್ಥ ಹೊಳೆಗೆ ಹುಣಸೂರು ತಾಲ್ಲೂಕಿನ ಹನಗೋಡಿನಲ್ಲಿ ಅಣೆಕಟ್ಟೆಯೊಂದನ್ನು ಕಟ್ಟಿ, ನಾಲೆಗಳ ಮೂಲಕ ನೀರನ್ನು ಗದ್ದೆಗಳಿಗೆ ಹರಿಸಿರುವುದು ಆ ಸೀಮೆಯವರಿಗೆಲ್ಲ ತಿಳಿದ ಸಂಗತಿ. ನಾಲೆಯನ್ನು ತೋಡುವವನು ಗುದ್ದಲಿ ಹಾಕುವ ಮೊದಲೇ ಮಟ್ಟ ಹಿಡಿದು ನೋಡಬೇಕಾದುದು ಹತ್ತಿರದ ಗದ್ದೆಯನ್ನಲ್ಲ, ಕಟ್ಟಕಡೆಯ ಗದ್ದೆಯನ್ನು. ಅಲ್ಲಿಗೆ ನೀರು ಮುಟ್ಟುವಂತೆ ಮಟ್ಟ ಕಟ್ಟಿದರೆ ನಡುವಣ ಗದ್ದೆಗಳಿಗೆ ನೀರು ತಾನಾಗಿಯೇ ದೊರೆಯುತ್ತದೆ. ಕೊನೆಯ ಗದ್ದೆ ಒಣಗಿದರೆ ರೈತನು ಗದ್ದೆಯನ್ನು ಬಯ್ಯುವುದಿಲ್ಲ. ನಾಲೆಯ ಮಟ್ಟ ತಪ್ಪಿತೆಂದು ಹೇಳುತ್ತಾನೆ.

ವಿದ್ಯೆಯ ನಾಲೆಯ ವಿಷಯದಲ್ಲಿ ಮಾತ್ರ ನಾವು ಇದಕ್ಕೆ ವಿರುದ್ಧವಾಗಿ ಯೋಚಿಸುತ್ತೇವೆ. ಗಾಲಿಕುರ್ಚಿಯ ವಿದ್ಯಾರ್ಥಿನಿಯೊಬ್ಬಳು ಮಹಡಿಯ ಮೇಲಿನ ತರಗತಿಗೆ ಹೋಗಲಾರದಿದ್ದರೆ, ‘ಅವಳಿಗೆ ಕಾಲಿಲ್ಲ, ಆದ್ದರಿಂದ ಹೋಗಲಾರಳು’ ಎನ್ನುತ್ತೇವೆ. ‘ತರಗತಿಯನ್ನು ಮಹಡಿಯ ಮೇಲಿಟ್ಟಿದ್ದಾರೆ, ಆದ್ದರಿಂದ ಹೋಗಲಾರಳು’ ಎಂದು ಹೇಳುವವರು ವಿರಳ. ಈ ಎರಡು ವಾಕ್ಯಗಳೂ ಒಂದೇ ಘಟನೆಯನ್ನು ಹೇಳುತ್ತವೆಯಾದರೂ ಮೊದಲನೆಯದರಲ್ಲಿ ನಮಗೆ ಮಾಡಲು ಕೆಲಸವಿಲ್ಲ, ಎರಡನೆಯದರಲ್ಲಿ ಇದೆ. ತಡೆಯು ವ್ಯಕ್ತಿಯಲ್ಲಿಲ್ಲ, ನಾವು ಮಾಡಿದ ಏರ್ಪಾಟಿನಲ್ಲಿದೆ ಎಂಬ ಈ ತಿಳಿವಳಿಕೆಯೇ ಪ್ರಕೃತ ಲೇಖನದ ವಿಷಯ. ಕಾಲೇಜಿನ ಪಾಠ, ಪ್ರಯೋಗ, ಪ್ರವಾಸ, ಪರೀಕ್ಷೆಗಳನ್ನು ಮೊದಲಿನಿಂದಲೇ ಎಲ್ಲರಿಗೂ ಎಟುಕುವಂತೆ ರಚಿಸುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಸಾರ್ವತ್ರಿಕ ವಿನ್ಯಾಸ

ಈ ವಿಚಾರಕ್ಕೆ ಸ್ಪಷ್ಟವಾದ ರೂಪವನ್ನು ಕೊಟ್ಟವರಲ್ಲಿ ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್ ಪ್ರಮುಖನು. ಬಾಲ್ಯದಲ್ಲಿಯೇ ಪೋಲಿಯೊ ರೋಗಕ್ಕೆ ತುತ್ತಾಗಿ ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಗಿ ಬಂದ ಇವನು, ‘ಸಾಮಾನ್ಯರಿಗೊಂದು ಬಾಗಿಲು, ವಿಕಲಚೇತನರಿಗೆ ಹಿತ್ತಲಲ್ಲೊಂದು ಬಾಗಿಲು’ ಎಂಬ ಪದ್ಧತಿಯನ್ನು ಒಪ್ಪಲಿಲ್ಲ. ಒಂದೇ ಬಾಗಿಲನ್ನು ಎಲ್ಲರೂ ಬಳಸುವಂತೆ ಕಟ್ಟಬೇಕೆಂಬುದು ಇವನ ಮತ. 1985ರ ಸುಮಾರಿನಲ್ಲಿ ಇದಕ್ಕೆ ‘ಸಾರ್ವತ್ರಿಕ ವಿನ್ಯಾಸ’ ಎಂಬ ಹೆಸರನ್ನು ಬಳಕೆಗೆ ತಂದನು. ಮುಂದೆ 1997ರಲ್ಲಿ ಇವನೂ ಇವನ ಸಂಗಡಿಗರೂ ಸೇರಿ ಅದರ ಏಳು ತತ್ತ್ವಗಳನ್ನು ಪ್ರಕಟಿಸಿದರು.

ಕಟ್ಟಡಕ್ಕೆ ಹೊಂದುವ ಮಾತು ಪಾಠಕ್ಕೂ ಹೊಂದುವುದು ಸಹಜವಷ್ಟೆ. ಅದೇ ದೇಶದಲ್ಲಿ 1984ರಲ್ಲಿ ಆರಂಭವಾದ ಕಾಸ್ಟ್ ಎಂಬ ಸಂಸ್ಥೆಯ ಸಂಶೋಧಕರು ಈ ತತ್ತ್ವವನ್ನು ಕಲಿಕೆಗೆ ಅನ್ವಯಿಸಿ ಮೂರು ಸೂತ್ರಗಳನ್ನು ಮುಂದಿಟ್ಟರು. ವಿಷಯವನ್ನು ಒಂದಕ್ಕಿಂತ ಹೆಚ್ಚು ಬಗೆಗಳಲ್ಲಿ ತಿಳಿಸಬೇಕೆಂಬುದು ಮೊದಲನೆಯದು. ಕಲಿತುದನ್ನು ಒಂದಕ್ಕಿಂತ ಹೆಚ್ಚು ಬಗೆಗಳಲ್ಲಿ ತೋರಿಸಲು ಅವಕಾಶವಿರಬೇಕೆಂಬುದು ಎರಡನೆಯದು. ವಿದ್ಯಾರ್ಥಿಯ ಮನಸ್ಸು ವಿಷಯದಲ್ಲಿ ತೊಡಗಲು ಒಂದಕ್ಕಿಂತ ಹೆಚ್ಚು ದಾರಿಗಳಿರಬೇಕೆಂಬುದು ಮೂರನೆಯದು. ಕೇಳಲು ಸರಳವಾಗಿರುವ ಈ ಸೂತ್ರಗಳು ಎಷ್ಟು ದೂರ ಮುಟ್ಟುತ್ತವೆಂಬುದನ್ನು ಮುಂದೆ ಕಾಣುವೆವು.

ನಮ್ಮ ನಾಡಿಗೆ ಇದು ಹೊಸ ಕಾಳಜಿಯೇನಲ್ಲ. ಎಂ. ಶ್ರೀನಿವಾಸರಾಯರ ಪ್ರಯತ್ನದಿಂದ ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ ಶಾಲೆ ಪ್ರಾರಂಭವಾದದ್ದು 1901ರಲ್ಲಿ. ಅದೇ ನಗರದ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪಿತವಾಯಿತು. ಆದರೆ ಪ್ರತ್ಯೇಕ ಶಾಲೆಯನ್ನು ತೆರೆಯುವುದು ಒಂದು ಕೆಲಸ. ಊರಿಗೆಲ್ಲ ಇರುವ ಕಾಲೇಜಿನಲ್ಲಿಯೇ ಎಲ್ಲರಿಗೂ ಸ್ಥಳವಿರುವಂತೆ ಮಾಡುವುದು ಇನ್ನೊಂದು. ಈ ಎರಡನೆಯ ಕೆಲಸವನ್ನು ಕಾನೂನು ಈಗ ಕರ್ತವ್ಯವನ್ನಾಗಿ ಮಾಡಿದೆ. 1995ರ ಅಧಿನಿಯಮವು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. ಅದರ ಸ್ಥಳದಲ್ಲಿ ಬಂದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ, 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಗಳನ್ನು ಗುರುತಿಸುತ್ತದೆ. ಸರ್ಕಾರದ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಶೇಕಡ 40 ಅಥವಾ ಹೆಚ್ಚಿನ ವೈಕಲ್ಯವುಳ್ಳವರಿಗೆ ಕಾದಿರಿಸಬೇಕೆಂದು ಅದು ವಿಧಿಸಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ವಿಕಲಚೇತನರ ಸಂಖ್ಯೆ ಸುಮಾರು 13 ಲಕ್ಷ.

ಕಾನೂನು ಸ್ಥಾನವನ್ನು ಕೊಡಬಲ್ಲುದು. ಆ ಸ್ಥಾನದಲ್ಲಿ ಕುಳಿತು ಕಲಿಯುವಂತೆ ಮಾಡುವುದು ಮಾತ್ರ ಕಾಲೇಜಿನ ಕೈಯಲ್ಲಿದೆ. ಹನಗೋಡು ಹೋಬಳಿಯ ಒಂದು ಹಳ್ಳಿಯಿಂದ ವಿದ್ಯಾರ್ಥಿನಿಯೊಬ್ಬಳು ಹುಣಸೂರಿನ ಕಾಲೇಜಿಗೆ ಬರುತ್ತಾಳೆಂದು ಊಹಿಸೋಣ. ಅವಳ ಹಾದಿಯನ್ನು ಹಿಡಿದು ಒಂದೊಂದು ತಡೆಯನ್ನೂ ಪರೀಕ್ಷಿಸುತ್ತ ಹೋದರೆ ವಿಷಯವು ಸ್ಫುಟವಾಗುತ್ತದೆ.

ಹೊತ್ತು ಮತ್ತು ಹೊಸ್ತಿಲು

ಮೊದಲನೆಯ ತಡೆ ವೇಳಾಪಟ್ಟಿ. ಹನಗೋಡಿನ ಪಶ್ಚಿಮಕ್ಕೆ ನಾಗರಹೊಳೆಯ ಕಾಡು. ಕಾಡಂಚಿನ ಊರುಗಳಲ್ಲಿಯೂ ಜೇನುಕುರುಬರ ಹಾಡಿಗಳಲ್ಲಿಯೂ ಕತ್ತಲಾದ ಮೇಲೆ ಆನೆಯ ಭಯ. ಬಸ್ಸು ಇಳಿದು ಇನ್ನೂ ನಡೆಯಬೇಕಾದವರು ಹೊತ್ತು ಮುಳುಗುವ ಮೊದಲೇ ಮನೆ ಸೇರಬೇಕು. ಸಂಜೆ ಐದರ ನಂತರ ಇಟ್ಟ ವಿಶೇಷ ತರಗತಿಯಾಗಲಿ, ನಾಟಕದ ಅಭ್ಯಾಸವಾಗಲಿ, ಇಂಥವರಿಗೆ ಇಲ್ಲದಂತೆಯೇ ಸರಿ. ಹುಣಸೂರು, ಪಿರಿಯಾಪಟ್ಟಣದ ಕಡೆಗೆ ಹೊಗೆಸೊಪ್ಪು ಮುಖ್ಯ ಬೆಳೆ. ಸೊಪ್ಪನ್ನು ಬ್ಯಾರನ್ನಿನಲ್ಲಿ ಕಟ್ಟಿ, ಹಗಲಿರುಳೂ ಉರಿ ಆರದಂತೆ ಕಾದು ಹದಮಾಡುವ ತಿಂಗಳುಗಳಲ್ಲಿ ಮನೆಯ ಎಳೆಯರ ಕೈಯೂ ಬೇಕಾಗುತ್ತದೆ. ಇವು ಯಾವ ವೈಕಲ್ಯದ ಪಟ್ಟಿಯಲ್ಲಿಯೂ ಇಲ್ಲ. ಆದರೂ ತಪ್ಪಿದ ಪಾಠದ ಟಿಪ್ಪಣಿ ಮರುದಿನ ದೊರೆಯುವಂತಿದ್ದರೆ ಬ್ಯಾರನ್ ಕಾದ ಹುಡುಗನಿಗೂ, ಚಿಕಿತ್ಸೆಗಾಗಿ ಮೈಸೂರಿಗೆ ಹೋಗಿದ್ದ ವಿದ್ಯಾರ್ಥಿನಿಗೂ ಒಂದೇ ಏರ್ಪಾಟಿನಿಂದ ಉಪಕಾರವಾಗುತ್ತದೆ.

ಎರಡನೆಯದು ಮೆಟ್ಟಿಲು. ಗಾಲಿಕುರ್ಚಿಗಾಗಿ ಕಟ್ಟುವ ಇಳಿಜಾರು ಹಾದಿಯು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕೆಂಬುದು ಎಲ್ಲೆಡೆ ಒಪ್ಪಿದ ಪ್ರಮಾಣ. ಹದಿನೈದು ಸೆಂಟಿಮೀಟರಿನ ಮೂರು ಮೆಟ್ಟಿಲುಗಳಿದ್ದರೆ ಒಟ್ಟು ಎತ್ತರ 45 ಸೆಂಟಿಮೀಟರು. ಇಳಿಜಾರಿನ ಉದ್ದ 5.4 ಮೀಟರು. ಇದಕ್ಕಿಂತ ಕಡಿದಾಗಿ ಕಟ್ಟಿದರೆ ಕುರ್ಚಿಯನ್ನು ತಾನೇ ತಳ್ಳಿಕೊಂಡು ಏರುವವನ ತೋಳು ಸೋಲುತ್ತದೆ. ಮಳೆಗಾಲದಲ್ಲಿ ಜಾರುವ ಭಯವೂ ಉಂಟು. ಕಟ್ಟಡದ ನಕ್ಷೆ ಬರೆಯುವಾಗಲೇ ಈ 5.4 ಮೀಟರಿಗೆ ಸ್ಥಳವಿಟ್ಟರೆ ಖರ್ಚು ಅಲ್ಪ. ಕಟ್ಟಿ ಮುಗಿದ ಮೇಲೆ ಸೇರಿಸಹೊರಟರೆ ಕಂಬ, ಚರಂಡಿ, ಗೋಡೆಗಳು ಅಡ್ಡ ಬರುತ್ತವೆ. ಇಳಿಜಾರಿಗೆ ಎಡೆಯೇ ಇಲ್ಲದ ಹಳೆಯ ಕಟ್ಟಡದಲ್ಲಿ ಖರ್ಚಿಲ್ಲದ ಉಪಾಯವೊಂದಿದೆ: ಆ ತರಗತಿಯ ಪಾಠವನ್ನೇ ನೆಲಮಟ್ಟದ ಕೋಣೆಗೆ ಇಳಿಸುವುದು.

ಕೇಳುವುದು ಮತ್ತು ನೋಡುವುದು

ಈಗ ತರಗತಿಯ ಒಳಗೆ ಹೋಗೋಣ. ಶಬ್ದವು ಹೊರಟ ಸ್ಥಳದಿಂದ ಸುತ್ತಲೂ ಹರಡುತ್ತದೆಯಾದುದರಿಂದ, ಬಯಲಿನಲ್ಲಿ ದೂರವು ಇಮ್ಮಡಿಯಾದರೆ ಅದರ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಆರು ಡೆಸಿಬೆಲ್ ಕಡಿಮೆಯಾಗುತ್ತದೆ. ಒಂದು ಮೀಟರು ದೂರದಲ್ಲಿದ್ದ ಧ್ವನಿಯು ಎಂಟು ಮೀಟರು ದೂರಕ್ಕೆ ಹೋಗುವಷ್ಟರಲ್ಲಿ ಹದಿನೆಂಟು ಡೆಸಿಬೆಲ್ ಕುಂದಿರುತ್ತದೆ. ಕೋಣೆಯಲ್ಲಿ ಗೋಡೆಗಳು ಶಬ್ದವನ್ನು ಹಿಂದಕ್ಕೆ ಕಳುಹಿಸಿ ಈ ಕೊರತೆಯನ್ನು ಸ್ವಲ್ಪ ತುಂಬುವುದು ನಿಜ. ಆದರೆ ಹಾಗೆ ತಡವಾಗಿ ಬಂದ ಪ್ರತಿಫಲಿತ ಶಬ್ದವು ಮುಂದಿನ ಮಾತಿನ ಮೇಲೆ ಬಿದ್ದು ಅದನ್ನು ಕದಡುತ್ತದೆ. ಇದಕ್ಕೆ ಫ್ಯಾನಿನ ಸದ್ದನ್ನೂ ತಗಡಿನ ಸೂರಿನ ಮೇಲೆ ಬೀಳುವ ಮಳೆಯ ಸದ್ದನ್ನೂ ಸೇರಿಸಿರಿ.

ಹೀಗಿರಲು ಮೊದಲು ಕಳೆದುಹೋಗುವುದು ಯಾವುದು? ಸ್ವರಗಳಿಗೆ ಶಕ್ತಿ ಹೆಚ್ಚು. ಕ, ತ, ಪ, ಸ ಮೊದಲಾದ ವ್ಯಂಜನಗಳಿಗೆ ಬಲ ಕಡಿಮೆ, ಕಂಪನಸಂಖ್ಯೆ ಹೆಚ್ಚು. ಶ್ರವಣಶಕ್ತಿ ಕುಂದಿದವರಲ್ಲಿ ಬಹುಮಂದಿಗೆ ಎತ್ತರದ ಕಂಪನಗಳೇ ಮೊದಲು ಕೇಳದಾಗುವುದು. ಆದ್ದರಿಂದ ಹಿಂದಿನ ಬೆಂಚಿನಲ್ಲಿ ಕುಳಿತವನಿಗೆ ಕಾಲು, ಪಾಲು, ಸಾಲು ಎಂಬ ಮೂರು ಪದಗಳೂ ‘ಆಲು’ ಎಂದೇ ಕೇಳಿಸಬಹುದು. ಉಪಾಧ್ಯಾಯರು ಬಾಯಿ ಆಡಿಸಿದ್ದು ಕಂಡರೆ ಕೆಲಮಟ್ಟಿಗೆ ಊಹಿಸಬಹುದು; ‘ಪಾಲು’ ಎನ್ನುವಾಗ ತುಟಿಗಳು ಕೂಡುತ್ತವೆ, ‘ಸಾಲು’ ಎನ್ನುವಾಗ ಕೂಡುವುದಿಲ್ಲ. ಆದರೆ ಅವರು ಕರಿಹಲಗೆಯ ಕಡೆಗೆ ಮುಖಮಾಡಿ ಮಾತನಾಡಿದರೆ ಈ ಆಸರೆಯೂ ತಪ್ಪಿತು. ತುಟಿಯ ಚಲನೆಯೊಂದೇ ಸಾಲದೆಂಬುದನ್ನೂ ಗಮನಿಸಬೇಕು. ಪ, ಬ, ಮಗಳು ತುಟಿಯ ಮೇಲೆ ಒಂದೇ ಬಗೆಯಾಗಿ ಕಾಣುತ್ತವೆ. ಆದುದರಿಂದ ಕೆಲಸ ಮೂರು: ವಿದ್ಯಾರ್ಥಿಗಳ ಕಡೆಗೆ ತಿರುಗಿ ಮಾತನಾಡುವುದು, ಹೊಸ ಪದಗಳನ್ನು ಬರೆದು ತೋರಿಸುವುದು, ಸಾಧ್ಯವಾದರೆ ಚಿಕ್ಕದೊಂದು ಮೈಕನ್ನು ಬಳಸುವುದು.

ಹೊಸ ಪದವನ್ನು ಬರೆದು ತೋರಿಸಿದುದರ ಲಾಭವು ಕಿವಿ ಮಂದವಾದವನಿಗಷ್ಟೇ ಸಲ್ಲುವುದಿಲ್ಲ. ಮನೆಯಲ್ಲಿ ಜೇನುಕುರುಬರ ನುಡಿಯನ್ನಾಡಿ, ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಕಾಲೇಜಿನಲ್ಲಿ ಇಂಗ್ಲಿಷಿನ ಪಾಠವನ್ನು ಎದುರಿಸುವ ಹಾಡಿಯ ವಿದ್ಯಾರ್ಥಿಯನ್ನು ನೆನೆಯಿರಿ. ಸರ್ಕಾರವು ಅತಿ ದುರ್ಬಲವೆಂದು ಗುರುತಿಸಿರುವ ಬುಡಕಟ್ಟುಗಳಲ್ಲಿ ಕರ್ನಾಟಕದವು ಎರಡು, ಜೇನುಕುರುಬರು ಮತ್ತು ಕೊರಗರು. ಇಂಥ ಮನೆಯಿಂದ ಮೊದಲ ಬಾರಿಗೆ ಕಾಲೇಜಿನ ಹೊಸ್ತಿಲು ತುಳಿದವನಿಗೆ ಹಲಗೆಯ ಮೇಲೆ ಇಂಗ್ಲಿಷ್ ಪದವೂ ಅದರ ಪಕ್ಕದಲ್ಲಿ ಕನ್ನಡದ ಅರ್ಥವೂ ಇರುವುದು ಕೈಹಿಡಿದು ನಡೆಸಿದಂತೆ.

ಅಕ್ಷರದ ಗಾತ್ರಕ್ಕೂ ಒಂದು ಲೆಕ್ಕವುಂಟು. ಆರೋಗ್ಯವಾದ ಕಣ್ಣು ಗುರುತಿಸಬಲ್ಲ ಅಕ್ಷರದ ಎತ್ತರವು ಕಣ್ಣಿನಲ್ಲಿ ಐದು ಕಲೆಗಳ ಕೋನವನ್ನು ಮಾಡಬೇಕೆಂಬುದು ನೇತ್ರಪರೀಕ್ಷೆಯ ಫಲಕಗಳ ಆಧಾರ. ಒಂಬತ್ತು ಮೀಟರು ದೂರದ ಹಿಂದಿನ ಬೆಂಚಿಗೆ ಇದು ಸುಮಾರು 13 ಮಿಲಿಮೀಟರು. ದೃಷ್ಟಿಯು 6/18ಕ್ಕೆ ಇಳಿದಿರುವವನಿಗೆ ಇದರ ಮೂರರಷ್ಟು, ಅಂದರೆ 39 ಮಿಲಿಮೀಟರು ಬೇಕು. ಇದಾದರೂ ಕಣ್ಣಿಗೆ ಎಟುಕುವ ಕನಿಷ್ಠ ಮಾತ್ರ. ಶ್ರಮವಿಲ್ಲದೆ ಓದುವುದಕ್ಕೆ ಇನ್ನೂ ದೊಡ್ಡದಿರಬೇಕು. ಕನ್ನಡದಲ್ಲಿ ಪ ಮತ್ತು ಷ ಅಕ್ಷರಗಳ ವ್ಯತ್ಯಾಸ ಒಂದು ಚಿಕ್ಕ ಗೆರೆ. ಒತ್ತಕ್ಷರಗಳಂತೂ ಮತ್ತಷ್ಟು ಕಿರಿದು. ಆದ್ದರಿಂದ ಹಲಗೆಯ ಮೇಲಿನ ಅಕ್ಷರ ಐದಾರು ಸೆಂಟಿಮೀಟರಿಗೆ ಕಡಿಮೆಯಾಗಬಾರದು. ಬರೆದುದನ್ನು ಬಾಯಿಬಿಟ್ಟು ಓದಿ ಹೇಳಿದರೆ ಕಣ್ಣು ಕಾಣದವನಿಗೂ ಪಾಠ ಮುಟ್ಟುತ್ತದೆ. ‘ಇದನ್ನು ಅದರಿಂದ ಕಳೆದರೆ ಇದು ಬರುತ್ತದೆ’ ಎನ್ನುವ ಬದಲು ‘ಹನ್ನೆರಡರಿಂದ ಐದನ್ನು ಕಳೆದರೆ ಏಳು’ ಎಂದರೆ ಸಾಕು.

ಅಕ್ಷರವೆ, ಚಿತ್ರವೆ?

ಕಾಲೇಜುಗಳಲ್ಲಿ ಇಂದು ಟಿಪ್ಪಣಿಗಳನ್ನು ಮೊಬೈಲಿಗೆ ಕಳುಹಿಸುವುದು ವಾಡಿಕೆ. ಪುಸ್ತಕದ ಪುಟದ ಫೋಟೊ ತೆಗೆದು ಕಳುಹಿಸಿದರೆ ಕಣ್ಣುಳ್ಳವನು ಓದುತ್ತಾನೆ; ಯಂತ್ರಕ್ಕೆ ಅದು ಅಕ್ಷರವಲ್ಲ, ಕಪ್ಪುಬಿಳುಪಿನ ಚಿತ್ರ. ಅಂಧರು ಬಳಸುವ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶವು ಅಲ್ಲಿ ಮೌನವಾಗುತ್ತದೆ. ಗಣಕಯಂತ್ರವು ಅಕ್ಷರಗಳನ್ನು ಸಂಖ್ಯೆಗಳ ರೂಪದಲ್ಲಿ ನೆನಪಿಡುತ್ತದೆ. ಯೂನಿಕೋಡ್ ಎಂಬ ಸರ್ವದೇಶೀಯ ಏರ್ಪಾಟಿನಲ್ಲಿ ಕನ್ನಡದ ‘ಕ’ ಅಕ್ಷರಕ್ಕೆ 3221 ಎಂಬ ಸಂಖ್ಯೆ ಮೀಸಲು. ಹಳೆಯ ಕೆಲವು ಕನ್ನಡ ಫಾಂಟುಗಳಾದರೋ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕಾರಗಳನ್ನು ತೊಡಿಸಿದ್ದುವು. ಕಣ್ಣಿಗೆ ಕಾಣುವುದು ಕನ್ನಡ. ಓದುವ ಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದೇ ಟಿಪ್ಪಣಿಯನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದರೆ ಯಂತ್ರವು ಕನ್ನಡದಲ್ಲಿ ಓದಿ ಹೇಳುತ್ತದೆ. ಅಕ್ಷರವನ್ನು ಬೇಕಾದಷ್ಟು ದೊಡ್ಡದಾಗಿಯೂ ಮಾಡಿಕೊಳ್ಳಬಹುದು. ಇಂಥ ತಂತ್ರಾಂಶಕ್ಕೆ ದುಡ್ಡು ಬೇಕೆಂದೂ ಇಲ್ಲ. ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ಅಂಧ ತರುಣನು 2006ರಲ್ಲಿ ಪ್ರಾರಂಭಿಸಿದ ಎನ್‌ವಿಡಿಎ ತಂತ್ರಾಂಶವು ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ.

ಪ್ರಯೋಗಾಲಯದಲ್ಲಿ

‘ಪಾಠ ಸರಿ, ಕಣ್ಣಿಲ್ಲದವನು ರಸಾಯನಶಾಸ್ತ್ರದ ಪ್ರಯೋಗವನ್ನು ಹೇಗೆ ಮಾಡಿಯಾನು?’ ಎಂದು ವಾಚಕರು ಕೇಳಬಹುದು. ಆಮ್ಲಕ್ಕೆ ಕ್ಷಾರವನ್ನು ಹನಿಹನಿಯಾಗಿ ಬೆರೆಸುತ್ತ ಅದು ತಟಸ್ಥವಾಗುವ ಕ್ಷಣವನ್ನು ಹಿಡಿಯುವ ಪ್ರಯೋಗವನ್ನೇ ನೋಡೋಣ. ಸಾಮಾನ್ಯವಾಗಿ ಫಿನಾಲ್ಫ್ತಲೀನ್ ಎಂಬ ಸೂಚಕವನ್ನು ಹಾಕಿ, ಬಣ್ಣವಿಲ್ಲದ ದ್ರವವು ಗುಲಾಬಿಯಾಗುವುದನ್ನು ಕಾಯುತ್ತಾರೆ. ಆದರೆ ಪ್ರಯೋಗದ ಗುರಿ ಗುಲಾಬಿ ಬಣ್ಣವೆ? ಅಲ್ಲ; ಆಮ್ಲವು ಮುಗಿದ ಕ್ಷಣವನ್ನು ಅರಿಯುವುದು. ಅದನ್ನು ಅರಿಯಲು ಕಣ್ಣೊಂದೇ ದಾರಿಯಲ್ಲ. ಸಣ್ಣಗೆ ಹೆಚ್ಚಿದ ಈರುಳ್ಳಿಯ ಜೊತೆಯಲ್ಲಿ ಒಂದು ರಾತ್ರಿ ಇಟ್ಟ ಬಟ್ಟೆಯ ತುಂಡು ಆಮ್ಲದಲ್ಲಿ ಅದ್ದಿದಾಗ ಈರುಳ್ಳಿಯ ವಾಸನೆಯನ್ನು ಉಳಿಸಿಕೊಳ್ಳುತ್ತದೆ. ಕ್ಷಾರದಲ್ಲಿ ಅದ್ದಿದಾಗ ಕಳೆದುಕೊಳ್ಳುತ್ತದೆ. ವೆನಿಲಾ ಸಾರವೂ ಹಾಗೆಯೇ. ಇವಕ್ಕೆ ಘ್ರಾಣಸೂಚಕಗಳೆಂದು ಹೆಸರು. ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿಯೇ ಇವುಗಳ ವಿವರಣೆಯಿದೆ. ಬಹಳ ತೆಳುವಾದ ದ್ರಾವಣಗಳನ್ನು ಬಳಸಿ, ವಾಸನೆಯನ್ನು ಕೈಯಿಂದ ಮೆಲ್ಲನೆ ಮೂಗಿನ ಕಡೆಗೆ ಬೀಸಿಕೊಂಡರೆ ಅಪಾಯವೂ ಇಲ್ಲ. ಕೆಂಪು ಹಸಿರುಗಳ ಭೇದ ತಿಳಿಯದ ಬಣ್ಣಗುರುಡಿನವರು ತಮ್ಮ ತೊಂದರೆಯನ್ನು ಎಷ್ಟೋ ವೇಳೆ ತಾವೇ ಅರಿತಿರುವುದಿಲ್ಲ. ಅಂಥವರಿಗೂ ಮೂಗು ನೆರವಾಗುತ್ತದೆ.

ಇಂದ್ರಿಯವೊಂದು ಮುಚ್ಚಿದರೆ ವಿಜ್ಞಾನದ ಬಾಗಿಲು ಮುಚ್ಚಲೇಬೇಕೆಂದಿಲ್ಲ ಎಂಬುದಕ್ಕೆ ಗೀರಟ್ ವರ್ಮೆಯ್ ಎಂಬ ಜೀವವಿಜ್ಞಾನಿಯ ಬಾಳು ಸಾಕ್ಷಿ. 1946ರಲ್ಲಿ ಹಾಲೆಂಡಿನಲ್ಲಿ ಜನಿಸಿದ ಇವರು ಮೂರನೆಯ ವಯಸ್ಸಿಗೇ ದೃಷ್ಟಿಯನ್ನು ಪೂರ್ಣವಾಗಿ ಕಳೆದುಕೊಂಡರು. ಶಂಖ ಚಿಪ್ಪುಗಳನ್ನು ಬೆರಳಿನಿಂದ ತಡವಿಯೇ ಅವುಗಳ ಜಾತಿಯನ್ನು ಗುರುತಿಸಲು ಕಲಿತರು. ಚಿಪ್ಪುಗಳ ಮೇಲೆ ಶತ್ರುಪ್ರಾಣಿಗಳು ಮಾಡಿದ ಗಾಯಗಳ ಗುರುತನ್ನು ಸ್ಪರ್ಶದಿಂದ ಅಭ್ಯಾಸಮಾಡಿ, ಬೇಟೆಯ ಪ್ರಾಣಿಗೂ ಬೇಟೆಗಾರ ಪ್ರಾಣಿಗೂ ಕೋಟ್ಯಂತರ ವರ್ಷಗಳಿಂದ ನಡೆದುಬಂದ ಪೈಪೋಟಿಯನ್ನು ಕುರಿತು ಮಹತ್ತ್ವದ ವಿಚಾರಗಳನ್ನು ಮಂಡಿಸಿದರು. ಸಸ್ಯಶಾಸ್ತ್ರದ ತರಗತಿಯು ಕಾಡಿನ ಅಂಚಿಗೆ ಪ್ರವಾಸ ಹೊರಟಾಗ, ಎಲೆಯ ಅಂಚು, ತೊಗಟೆಯ ಒರಟು, ಕಿವುಚಿದ ಎಲೆಯ ಕಂಪು ಇವನ್ನೂ ಗುರುತುಹಾಕಿಕೊಳ್ಳಬೇಕೆಂದು ವಿಧಿಸಿದರೆ, ಕಣ್ಣಿಲ್ಲದವನು ಆ ದಿನ ಹಾಸ್ಟೆಲಿನಲ್ಲಿ ಉಳಿಯಬೇಕಾಗಿಲ್ಲ. ಕಣ್ಣುಳ್ಳವರು ಮರವನ್ನು ಮತ್ತಷ್ಟು ಚೆನ್ನಾಗಿ ಅರಿಯುತ್ತಾರೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿಯೂ ಹೀಗೆಯೇ. ಗುಂಡಿ ತೋಡುವುದೊಂದೇ ಸೇವೆಯಲ್ಲ. ಮನೆಮನೆಯ ಲೆಕ್ಕ ಬರೆಯುವುದು, ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸುವುದು ಇವೂ ಸೇವೆಯೇ. ಕೆಲಸಗಳ ಪಟ್ಟಿಯನ್ನು ಮೊದಲೇ ವಿಶಾಲವಾಗಿಟ್ಟರೆ ಯಾರನ್ನೂ ‘ನೀನು ಸುಮ್ಮನೆ ಕುಳಿತಿರು’ ಎಂದು ಬದಿಗೆ ಸರಿಸಬೇಕಾಗುವುದಿಲ್ಲ.

ಮಟ್ಟ ಇಳಿಯುವುದೆ?

ಈ ಏರ್ಪಾಟುಗಳಿಂದ ವಿದ್ಯೆಯ ಮಟ್ಟ ತಗ್ಗುವುದೆಂದು ಕೆಲವರ ಶಂಕೆ. ಗುರಿ ಮತ್ತು ದಾರಿಗಳನ್ನು ಬೇರೆಬೇರೆಯಾಗಿ ನೋಡಿದರೆ ಈ ಶಂಕೆಗೆ ಉತ್ತರ ದೊರೆಯುತ್ತದೆ. ಇತಿಹಾಸದ ಪರೀಕ್ಷೆ ಅಳೆಯಬೇಕಾದುದು ಇತಿಹಾಸದ ತಿಳಿವಳಿಕೆಯನ್ನು. ಮೂರು ಗಂಟೆಯಲ್ಲಿ ಎಷ್ಟು ಪುಟ ಗೀಚಬಲ್ಲನೆಂಬುದನ್ನಲ್ಲ. ಕೈ ನಡುಗುವವನು ಲಿಪಿಕಾರನ ನೆರವಿನಿಂದ ಬರೆಸಿದರೆ ಇತಿಹಾಸವೇನೂ ಸುಲಭವಾಗುವುದಿಲ್ಲ. ಕೇಂದ್ರ ಸರ್ಕಾರವು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥವರಿಗೆ ಗಂಟೆಗೆ ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚಿನ ಕಾಲವನ್ನು ನಿಗದಿಮಾಡಿತ್ತು. ಬರೆಯುವಾಗ ಕೈ ಸೆಳೆತಕ್ಕೊಳಗಾಗುವ ಅಭ್ಯರ್ಥಿಯೊಬ್ಬರ ಮೊಕದ್ದಮೆಯಲ್ಲಿ, ವೈಕಲ್ಯವು ಶೇಕಡ 40ನ್ನು ಮುಟ್ಟದಿದ್ದರೂ ಲಿಪಿಕಾರನ ನೆರವಿಗೆ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ದಾರಿಯನ್ನು ಅಗಲಮಾಡಿದ ಮಾತ್ರಕ್ಕೆ ಬೆಟ್ಟ ಕುಳ್ಳಾಗುವುದಿಲ್ಲವಷ್ಟೆ.

ಸಾರ್ವತ್ರಿಕ ವಿನ್ಯಾಸವೇ ಸರ್ವಸ್ವವೆಂದು ನಾವು ಹೇಳುವುದಿಲ್ಲ. ಬ್ರೈಲ್ ಪುಸ್ತಕ ಬೇಕಾದವನಿಗೆ ದೊಡ್ಡ ಅಕ್ಷರ ಸಾಲದು. ಸಂಜ್ಞಾಭಾಷೆಯೇ ತಾಯ್ನುಡಿಯಾದವಳಿಗೆ ದುಭಾಷಿಯೇ ಬೇಕು. ಒಬ್ಬೊಬ್ಬರಿಗೂ ಬೇಕಾದ ಇಂಥ ಯುಕ್ತ ಅನುಕೂಲಗಳನ್ನು ಒದಗಿಸುವುದನ್ನೂ ಕಾನೂನು ವಿಧಿಸಿದೆ. ಆದರೆ ಸಾಮಾನ್ಯವಾದ ತಡೆಗಳನ್ನು ಮೊದಲೇ ಕಳೆದಿದ್ದರೆ, ವಿಶೇಷವಾದ ಈ ಸಹಾಯಕ್ಕೆ ಕಾಲೇಜಿನ ಹಣವೂ ಗಮನವೂ ಮಿಗುತ್ತವೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಂಥ ಊರಿನ ಕಾಲೇಜು ಇಷ್ಟನ್ನೂ ಒಂದೇ ವರ್ಷದಲ್ಲಿ ಮಾಡಲಾರದೆನ್ನುವುದು ನಿಜವಿರಬಹುದು. ಹಾಗಾದರೆ ಹಣ ಬೇಡದವುಗಳಿಂದಲೇ ತೊಡಗಬಹುದು. ಎದುರು ತಿರುಗಿ ಮಾತನಾಡುವುದಕ್ಕೆ, ದೊಡ್ಡದಾಗಿ ಬರೆದು ಅದನ್ನೇ ಓದಿ ಹೇಳುವುದಕ್ಕೆ, ಟಿಪ್ಪಣಿಯನ್ನು ಯೂನಿಕೋಡಿನಲ್ಲಿ ಕಳುಹಿಸುವುದಕ್ಕೆ, ತರಗತಿಯನ್ನು ಕೆಳಗಿಳಿಸುವುದಕ್ಕೆ, ಬಸ್ಸಿನ ವೇಳೆಯನ್ನು ನೋಡಿ ಕಾರ್ಯಕ್ರಮವಿಡುವುದಕ್ಕೆ ಯಾವ ಅನುದಾನವೂ ಬೇಕಿಲ್ಲ. ವರ್ಷದ ಆರಂಭದಲ್ಲಿ ಎಲ್ಲ ವಿದ್ಯಾರ್ಥಿಗಳನ್ನೂ ‘ಇಲ್ಲಿ ಕಲಿಯಲು ನಿಮಗೆ ಯಾವುದು ಅಡ್ಡಿಯಾಗಿದೆ?’ ಎಂದು ಗುಟ್ಟಾಗಿ ಒಂದು ಚೀಟಿಯಲ್ಲಿ ಕೇಳಿದರೆ, ಮೊದಲು ಎಲ್ಲಿ ಕೈಹಾಕಬೇಕೆಂಬುದು ಅವರ ಉತ್ತರಗಳಿಂದಲೇ ತಿಳಿಯುತ್ತದೆ.

ಕಾಡಂಚಿನ ಹಳ್ಳಿಯಿಂದ ಕಾಲೇಜಿನ ಬಾಗಿಲವರೆಗೆ ಬಂದ ವಿದ್ಯಾರ್ಥಿನಿಯು ಬಡತನ, ದೂರ, ಮನೆಯವರ ಅಳುಕು ಮುಂತಾದ ಎಷ್ಟೋ ಎಡರುಗಳನ್ನು ದಾಟಿಯೇ ಬಂದಿರುತ್ತಾಳೆ. ಆಕೆ ಹಿಂದಿರುಗಿದರೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮೇಲೆ ಗೆರೆ ಬೀಳುತ್ತದೆ; ಕಾರಣವನ್ನು ಬರೆಯಲು ಅಲ್ಲಿ ಅಂಕಣವಿಲ್ಲ. ಆ ಕಾರಣವು ನಾವು ಕಟ್ಟಿದ ಮೂರು ಮೆಟ್ಟಿಲಾಗಲಿ, ನಾವು ಕಳುಹಿಸಿದ ಓದಲಾಗದ ಪುಟವಾಗಲಿ ಆಗಿರಬಾರದು.